ಕುತ್ತಿಗೆಯಿಲ್ಲದ ಮುತ್ಸದ್ದಿ

ನಮ್ಮ ಕಾಕಾನಿಗೆ ಒಬ್ಬ ದೊಡ್ಡ ರಾಜಕಾರಣಿಯ ಜೊತೆ ಬಹಳ ಸಲಿಗೆ. ಪೋತ್ನಾಳದಲ್ಲಿ ಹಗ್ಗ, ಸಲಿಕೆ, ಮೊಳೆ ಮಾರಿಕೊಂಡಿರುವ ಮನುಷ್ಯನಿಗೆ ಇದು ಸಣ್ಣ ಸಂಗತಿಯಲ್ಲ. ಆ ರಾಜಕಾರಣಿ ಬೆಳಿಗ್ಗೆ ಏನು ತಿಂದರು, ಯಾರ ಮೇಲೆ ಸಿಟ್ಟಾದರು, ಯಾವ ಖಾತೆ ಬೇಡವೆಂದರು, ಎಲ್ಲ ಕಾಕಾನಿಗೆ ಗೊತ್ತು. ತೊಂದರೆ ಒಂದೇ. ಅವರು ಈ ಭೂಮಿಯ ಮೇಲಿನವರಲ್ಲ.

ಹೆಸರು ಝಿರ್ಗೂಲ್. ಬರೀ ಹೆಸರು ಹಿಡಿದು ಕರೆಯುವಂತಿಲ್ಲ, ಝಿರ್ಗೂಲ್ ಸಾಹೇಬರು ಅನ್ನಬೇಕು. ನಾನೊಮ್ಮೆ "ನಿನ್ನ ಆ ಝಿರ್ಗೂಲ" ಅಂದದ್ದಕ್ಕೆ ಕಾಕಾ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಕೈ ತೊಳೆದುಕೊಂಡಿದ್ದ. ಸಾಹೇಬರದು ಬೇರೊಂದು ಗ್ರಹ. ನಾನು ರಾಯಚೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುವವಳು, ಸುಳ್ಳಿಗೂ ಒಂದು ಲೆಕ್ಕ ಇರಲಿ ಅನ್ನುವವಳು. ಆ ಗ್ರಹ ಎಷ್ಟು ದೂರ ಎಂದು ಕೇಳಿದೆ. ದೇವದುರ್ಗಕ್ಕಿಂತ ದೂರ ಎಂದ. ಇಂಥವನ ಹತ್ತಿರ ಏನು ಮಾತಾಡುತ್ತೀರಿ?

ಸಾಹೇಬರ ಮೈ ಬದನೆಕಾಯಿ ಬಣ್ಣದ್ದು. ಕಾಲು ಮೂರು. ಕುತ್ತಿಗೆ ಮಾತ್ರ ಇಲ್ಲ, ತಲೆ ಸೀದಾ ಹೆಗಲ ಮೇಲೆ ಕೂತಿದೆ. ಹೀಗಾಗಿ ಅವರಿಗೆ ಹಾರ ಹಾಕಲು ಬರುವುದಿಲ್ಲ. ಹಾಕಿದರೆ ಜಾರಿ ಕಾಲಿಗೆ ಬೀಳುತ್ತದೆ, ಮೂರು ಕಾಲಿಗೂ ತೊಡರುತ್ತದೆ. ಹಾರವೇ ನಿಲ್ಲದ ರಾಜಕಾರಣಿಯನ್ನು ನೀವು ಎಲ್ಲಾದರೂ ನೋಡಿದ್ದೀರಾ? ಹಾರ ಹಿಡಿದುಕೊಂಡು ಹಿಂದೆ ಮುಂದೆ ಸುತ್ತುವವರು ಅವರ ಹತ್ತಿರ ಸುಳಿಯುವುದನ್ನೇ ಬಿಟ್ಟರಂತೆ. ಸಾಹೇಬರಿಗೆ ಕೆಲಸ ಮಾಡಲು ಪುರುಸೊತ್ತು ಸಿಕ್ಕಿದ್ದೇ ಹಾಗೆ ಎಂದು ಕಾಕಾನ ವಾದ.

ಆ ಗ್ರಹದಲ್ಲಿ ಇನ್ನೊಂದು ವಿಚಿತ್ರ ಇದೆ. ಅಲ್ಲಿ ಯಾರಾದರೂ ಮಾತು ಕೊಟ್ಟರೆ ಅದು ಕೊಟ್ಟವರ ಹೊಟ್ಟೆಯೊಳಗೆ ಹೋಗಿ ಕೂರುತ್ತದೆ. ನಡೆಸಿಕೊಡುವವರೆಗೆ ಹೊಟ್ಟೆ ಇಳಿಯುವುದಿಲ್ಲ. ಸಣ್ಣ ಮಾತಿಗೆ ಸಣ್ಣ ಉಬ್ಬು, ದೊಡ್ಡ ಮಾತಿಗೆ ದೊಡ್ಡದು. ಮುಚ್ಚಿಡಲು ಆಗುವುದಿಲ್ಲ, ಎದುರಿಗೆ ಬಂದವರಿಗೆ ಕಂಡೇ ಕಾಣುತ್ತದೆ. ಚುನಾವಣೆ ಹತ್ತಿರ ಬಂತೆಂದರೆ ಅಲ್ಲಿನ ದರ್ಜಿಗಳಿಗೆ ಊಟ ಮಾಡಲೂ ಬಿಡುವಿರುವುದಿಲ್ಲವಂತೆ.

ಈ ಕಾಯಿದೆ ಕಾಕಾನಿಗೇ ಯಾಕೆ ಹೊಳೆಯಿತು ಎಂಬುದು ನಮಗೆಲ್ಲ ಗೊತ್ತಿತ್ತು. ಕಾಕಾ ಕಡ್ಡಿ ಪೈಲ್ವಾನ. ಹೊಟ್ಟೆ ಬೆನ್ನಿಗೆ ಹತ್ತಿದೆ. ಮತ್ತು ಜನ್ಮದಲ್ಲಿ ಯಾರಿಗೂ ಒಂದು ಮಾತು ಕೊಟ್ಟವನಲ್ಲ. ಏನು ಕೇಳಿದರೂ "ನೋಡೂಣು" ಅನ್ನುತ್ತಾನೆ. ನಾಳೆ ಅಂಗಡಿ ತೆಗೆಯುತ್ತೀಯಾ ಎಂದರೂ ನೋಡೂಣು, ಮದುವೆಗೆ ಬರುತ್ತೀಯಾ ಎಂದರೂ ನೋಡೂಣು. ಸಣ್ಣವಳಿದ್ದಾಗ ನಾನು ಕೆಂಪು ಬಳೆ ಕೇಳಿದ್ದಕ್ಕೂ ನೋಡೂಣು ಎಂದಿದ್ದ. ಮರುದಿನ ತಂದುಕೊಟ್ಟ ಎನ್ನುವುದು ಬೇರೆ ಮಾತು. ತಂದುಕೊಡುತ್ತಾನೆ, ಆದರೆ ತರುತ್ತೇನೆ ಅನ್ನುವುದಿಲ್ಲ. ಅವನ ಅಪ್ಪ ಯಾರಿಗೋ ಕೊಟ್ಟ ಮಾತು ತಪ್ಪಿ ಊರವರ ಮುಂದೆ ತಲೆ ತಗ್ಗಿಸಿದ್ದನ್ನು ಕಣ್ಣಾರೆ ಕಂಡವನು, ಅದಕ್ಕೇ ಹೀಗೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ನಿಜವೋ ಸುಳ್ಳೋ. ಕಾಕಿಯಂತೂ ಅವನ ಹೊಟ್ಟೆ ತೋರಿಸಿ, ಇದನ್ನು ನೋಡಿದರೇ ತಿಳಿಯುತ್ತದೆ, ಇಷ್ಟು ವರ್ಷ ಸಂಸಾರ ಮಾಡಿ ನನಗೊಂದು ಮಾತೂ ಕೊಟ್ಟಿಲ್ಲ ಎಂದು ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು.

ಈಗ ಕಾಕಿಯ ವಿಷಯಕ್ಕೆ ಬರುತ್ತೇನೆ. ಸಾಹೇಬರು ಹುಟ್ಟಿದ್ದೇ ಅವಳಿಂದ. ಕಾಕಿಯ ಎರಡೂ ಕಿಡ್ನಿ ಕೆಲಸ ಬಿಟ್ಟವು. ವಾರಕ್ಕೆ ಎರಡು ಸಲ, ಬುಧವಾರ ಮತ್ತು ಶನಿವಾರ, ರಾಯಚೂರಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಪೋತ್ನಾಳದಿಂದ ಬಸ್ಸು, ಮಾನ್ವಿ ದಾಟಿ ರಾಯಚೂರು, ಆಮೇಲೆ ನಾಲ್ಕು ತಾಸು ಯಂತ್ರದ ಪಕ್ಕ ಮಲಗುವುದು, ಮತ್ತೆ ಅದೇ ಬಸ್ಸು. ಊಟದಲ್ಲಿ ಉಪ್ಪಿಲ್ಲ, ಹಣ್ಣಿಲ್ಲ. ಕುಡಿಯುವ ನೀರು ಕೂಡ ಕಾಕಾ ಸಣ್ಣ ಸ್ಟೀಲು ಲೋಟದಲ್ಲಿ ಅಳೆದು ಕೊಡುವಷ್ಟೇ. ರಾಯಚೂರಿನ ಬೇಸಿಗೆಯಲ್ಲಿ ನೀರು ಅಳೆದು ಕುಡಿಯುವುದೆಂದರೆ ಏನೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕೆಲವು ತಿಂಗಳು ಬಂದಳು. ಒಂದು ಬುಧವಾರ ಕೂತಲ್ಲಿಂದ ಏಳಲಿಲ್ಲ.

"ಸಾಕಾತು. ನಾ ಬರಂಗಿಲ್ಲ" ಎಂದಳು.

ನಿಲ್ಲಿಸಿದರೆ ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಬಂಧುಬಳಗವೆಲ್ಲ ಸೇರಿ ಅತ್ತರು, ಆಣೆ ಇಟ್ಟರು. ನಾನು ಬೈದೆ. ನನಗೆ ಬೈಯುವುದು ಬಿಟ್ಟರೆ ಬೇರೆ ಉಪಾಯ ಬರುವುದಿಲ್ಲ. ಕಾಕಿ ಜಗ್ಗಲಿಲ್ಲ. ಕಾಕಾ ಮಾತ್ರ ಎದ್ದುಹೋಗಿ ಅಂಗಡಿಯಲ್ಲಿ ಕೂತ. ನನಗೆ ಅವನ ಮೇಲೂ ಸಿಟ್ಟು ಬಂತು.

ಶನಿವಾರ ಬೆಳಿಗ್ಗೆ ಕಾಕಾ ಕಟ್ಟೆಯ ಮೇಲೆ ಕೂತು ಪಕ್ಕದ ಮನೆಯವನಿಗೆ ಜೋರು ದನಿಯಲ್ಲಿ ಒಂದು ಚುನಾವಣೆಯ ಸುದ್ದಿ ಹೇಳುತ್ತಿದ್ದನಂತೆ. ರಾಜಕೀಯ ಅಂದರೆ ಕಾಕಿಗೆ ಆಗದು. ಕಾಕಾನ ರಾಜಕೀಯ ಚಪ್ಪಲಿಯ ಜೊತೆ ಬಾಗಿಲ ಹೊರಗೇ ಇರಬೇಕು ಎಂದು ಮದುವೆಯಾದ ಹೊಸದರಲ್ಲೇ ಹೇಳಿದವಳು. ಆದರೆ ಈ ಅಭ್ಯರ್ಥಿಗೆ ಮೂರು ಕಾಲು! ಕಾಲುವೆಯ ಕೊನೆ ಭಾಗದ ಊರಿನವನು, ಹೊಲಕ್ಕೆ ನೀರು ಕಾಣದ ಊರು, ಮೇಲ್ಭಾಗದ ದೊಡ್ಡ ಕುಳವೊಂದು ಎದುರಿಗೆ ನಿಂತಿದೆ. ಕಾಕಿ ಒಳಗಿಂದ ಕೇಳುತ್ತಾ ಕೇಳುತ್ತಾ ಹೊಸ್ತಿಲಿಗೆ ಬಂದಳು. ಗೆದ್ದನೋ ಇಲ್ಲವೋ ಎಂದು ಕೇಳಿದಳು. ಕಾಕಾ ಚೀಲ ಹೆಗಲಿಗೆ ಹಾಕಿಕೊಂಡ.

"ಎಣಿಕಿ ನಡದದ. ಬಸ್ಸಿನಾಗ ಹೇಳ್ತೀನಿ, ನಡಿ."

ಬಸ್ಸಿನಲ್ಲಿ ಹೇಳಲಿಲ್ಲ. ಯಂತ್ರ ಹಚ್ಚಿದ ಮೇಲೆಯೇ ಫಲಿತಾಂಶ ಎಂದ. ನರ್ಸಮ್ಮ ಸೂಜಿ ಚುಚ್ಚುವಾಗ ಸಾಹೇಬರು ಮುಂದಿದ್ದರು, ಎರಡನೇ ತಾಸಿಗೆ ಹಿಂದೆ ಬಿದ್ದರು, ಯಂತ್ರ ತೆಗೆಯುವ ಹೊತ್ತಿಗೆ ಕೂದಲೆಳೆಯಲ್ಲಿ ಗೆದ್ದರು. ಗೆದ್ದ ಕೂಡಲೇ ಎದುರಾಳಿ ನ್ಯಾಯಾಲಯಕ್ಕೆ ಹೋದ. ತೀರ್ಪು ಬುಧವಾರ.

ಅಂದಿನಿಂದ ಅದೇ ಪದ್ಧತಿಯಾಯಿತು. ಯಂತ್ರ ತಿರುಗುವಾಗ ಮಾತ್ರ ಕಥೆ, ಮನೆಯಲ್ಲಿ ಒಂದಕ್ಷರ ಇಲ್ಲ. ಸಾಹೇಬರು ಶಾಸಕರಾದರು. ಕೊನೆ ಭಾಗಕ್ಕೆ ನೀರು ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದರಲ್ಲ, ಹೊಟ್ಟೆ ಎಷ್ಟು ಉಬ್ಬಿತ್ತೆಂದರೆ ವಿಧಾನಸಭೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಬಾಗಿಲು ಒಡೆದು ದೊಡ್ಡದು ಮಾಡೋಣ ಎಂದರು ಅಧಿಕಾರಿಗಳು. ಬೇಡ, ನೀರು ಮುಟ್ಟಿಸಿಯೇ ಒಳಗೆ ಬರುತ್ತೇನೆ ಎಂದು ಸಾಹೇಬರು ಹೊರಗೆ ಬೇವಿನ ಗಿಡದ ಕೆಳಗೆ ಕೂತು ಕಿಟಕಿಯಲ್ಲಿ ತಲೆ ಹಾಕಿ ಭಾಷಣ ಮಾಡಿದರು. ಆ ಗ್ರಹದಲ್ಲಿ ಬೇವು ಎಲ್ಲಿಂದ ಬಂತು ಎಂದು ನಾನು ಕೇಳಬೇಕೆಂದಿದ್ದೆ, ಕಾಕಿ ಕಣ್ಣು ಬಿಟ್ಟಳು, ಸುಮ್ಮನಾದೆ.

ಆಮೇಲೆ ಸಾಹೇಬರು ನೀರಾವರಿ ಮಂತ್ರಿಯಾದರು. ಕಾಲುವೆಯ ಪಾಳಿಯನ್ನೇ ತಿರುಗಿಸಿದರು. ಮೊದಲು ಕೊನೆ ಭಾಗದವರ ಹೊಲ ತುಂಬಬೇಕು, ಆಮೇಲೆ ನಡುವಿನವರದು, ಕಟ್ಟಕಡೆಗೆ ಮೇಲ್ಭಾಗ. ಮೇಲ್ಭಾಗದವರು ಕಣ್ಣೆದುರೇ ನೀರು ಹರಿದುಹೋಗುವುದನ್ನು ನೋಡುತ್ತಾ ದಡದ ಮೇಲೆ ಕೂರಬೇಕು. ಕಾಕಿಗೆ ಈ ಕಾಯಿದೆ ಬಹಳ ಸೇರಿತು. ಅಳತೆ ಲೋಟದಲ್ಲಿ ನೀರು ಕುಡಿಯುವವಳಲ್ಲವೇ, ತಾನೂ ಕೊನೆ ಭಾಗದವಳೇ ಎಂದಳು. ಆ ದಿನದ ಕಥೆ ಮುಗಿದ ಮೇಲೆ ಅವಳು ನೀರಿಗೆ ರಂಪ ಮಾಡದೆ ಲೋಟ ತೆಗೆದುಕೊಂಡದ್ದನ್ನು ನಾನೇ ನೋಡಿದ್ದೇನೆ.

ಅಧಿಕಾರ ಬಂದ ಮೇಲೆ ಶತ್ರುಗಳು ಸುಮ್ಮನಿರುತ್ತಾರೆಯೇ? ವಿರೋಧ ಪಕ್ಷದವರು ಬಾಡಿಗೆ ಹೊಟ್ಟೆಯ ದಂಧೆ ಶುರು ಮಾಡಿದರು. ಮಾತು ಕೊಡುವುದು ತಾವು, ಹೊಟ್ಟೆ ಉಬ್ಬಿಸಿಕೊಳ್ಳುವುದು ಕೂಲಿಯವರು. ಪಾಪದ ಜನ ಯಾರದೋ ರಸ್ತೆ, ಯಾರದೋ ಸೇತುವೆ ಹೊಟ್ಟೆಯಲ್ಲಿಟ್ಟುಕೊಂಡು ಗದ್ದೆ ನಾಟಿ ಮಾಡಲಾಗದೆ ನರಳಿದರು. ಸಾಹೇಬರು ಅದನ್ನು ನಿಲ್ಲಿಸಲು ಹೋಗಿ ಜೈಲು ಸೇರಿದರು. ಮೂರು ಕಾಲಿಗೆ ಎರಡೇ ಬೇಡಿ ಇದ್ದದ್ದರಿಂದ ಒಂದು ಕಾಲು ಮಾತ್ರ ಸ್ವತಂತ್ರವಾಗಿತ್ತು ಎಂದು ಕಾಕಾ ಹೇಳಿದಾಗ ಇಡೀ ವಾರ್ಡು ನಕ್ಕಿತು.

ಹೌದು, ಅಷ್ಟೊತ್ತಿಗೆ ವಾರ್ಡೇ ಕೇಳುತ್ತಿತ್ತು. ನಾನು ಶನಿವಾರದ ಬೆಳಗಿನ ಶಾಲೆ ಮುಗಿಸಿ ಬುತ್ತಿ ಹಿಡಿದುಕೊಂಡು ಹೋಗುವಷ್ಟರಲ್ಲಿ ಮಟಮಾರಿಯ ನರ್ಸಮ್ಮ ಕುರ್ಚಿ ಎಳೆದುಕೊಂಡು ಕೂತಿರುತ್ತಿದ್ದಳು. ಪಕ್ಕದ ಹಾಸಿಗೆಯಲ್ಲಿ ದೇವದುರ್ಗದ ಕಡೆಯ ಒಬ್ಬ ಮುದುಕರು, ಎಲ್ಲರೂ ಅವರನ್ನು ಯಪ್ಪಾ ಎಂದೇ ಕರೆಯುತ್ತಿದ್ದೆವು. ಸಾಹೇಬರು ನಿಜವಾದ ಮಂತ್ರಿ ಎಂದೇ ಯಪ್ಪಾ ನಂಬಿದ್ದರು. ಹೈದರಾಬಾದಿನ ಕಡೆಯವರಿರಬೇಕು ಎಂದು ಅವರ ಅಂದಾಜು. ಮೂರನೇ ಕಾಲಿನ ಬಗ್ಗೆ ಅವರಿಗೆ ಏನೂ ತಕರಾರಿರಲಿಲ್ಲ.

ಒಂದು ಶನಿವಾರ ಊರಿನ ನಾಯಕರೊಬ್ಬರ ಹುಟ್ಟುಹಬ್ಬ. ಹುಟ್ಟುಹಬ್ಬವೆಂದರೆ ಆಸ್ಪತ್ರೆಯಲ್ಲಿ ರೋಗಿಗಳಿಗೆ ಹಣ್ಣು ಹಂಚಲೇಬೇಕಲ್ಲ! ಹಿಂಬಾಲಕರು, ಫೋಟೋದವರು, ಬುಟ್ಟಿ ತುಂಬ ಬಾಳೆಹಣ್ಣು, ಮೋಸಂಬಿ. ಕಿಡ್ನಿ ಹೋದವರು ಬಾಳೆಹಣ್ಣು ಮುಟ್ಟುವಂತಿಲ್ಲ ಎಂದು ಅವರಿಗೆ ಯಾರು ಹೇಳಬೇಕು? ನರ್ಸಮ್ಮ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಯಪ್ಪಾನ ಕೈಗೆ ಹಣ್ಣು ಕೊಟ್ಟು ಫೋಟೋ ತೆಗೆದಾಗಿತ್ತು. ನಾಯಕರು ಧಾರಾಳ ಮೈಯವರು. ಯಪ್ಪಾ ಹಣ್ಣು ನೋಡಲಿಲ್ಲ, ಮುಖ ನೋಡಲಿಲ್ಲ, ಅವರ ಹೊಟ್ಟೆಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಮರುಕದಿಂದ ಹೇಳಿದರು.

"ಬಾಳ ಮಂದಿಗೆ ಮಾತು ಕೊಟ್ಟೀರಿ ಕಾಣಸ್ತದ."

ನಾಯಕರಿಗೆ ಖುಷಿಯಾಯಿತು. ಹೌದು ಅಜ್ಜಾ, ಎಲ್ಲ ನಿಮ್ಮ ಆಶೀರ್ವಾದ ಎಂದು ಕೈಮುಗಿದರು. ಕಾಕಿ ಚಾದರ ಮುಖದ ಮೇಲೆ ಎಳೆದುಕೊಂಡಳು. ಅವಳು ನಗುತ್ತಿದ್ದ ರಭಸಕ್ಕೆ ಯಂತ್ರ ಕುಂಯ್ ಅಂದಿತು, ನರ್ಸಮ್ಮ ಓಡಿಬಂದಳು. ಅವತ್ತು ಬಂದ ಹಣ್ಣನ್ನೆಲ್ಲ ನನ್ನ ಮನೆಗೆ ಒಯ್ದು ವಾರವಿಡೀ ತಿಂದೆವು.

ಕಾಕಿ ಊರಿಗೆ ಮರಳಿದ ಮೇಲೆ ಕೇಳಿದ್ದನ್ನೆಲ್ಲ ಅಕ್ಕಪಕ್ಕದವರಿಗೆ ಬಿತ್ತರಿಸುತ್ತಿದ್ದಳು. ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹೋಗುವಾಗ ಗ್ರಹ ಎಲ್ಲೋ ಉದುರಿಹೋಗಿ ಸಾಹೇಬರು ಮಾತ್ರ ಉಳಿದರು. ಪಂಚಾಯಿತಿ ಚುನಾವಣೆಯ ಹೊತ್ತಿಗೆ ಹಿರೇಕೊಟ್ನೆಕಲ್‌ನಿಂದ ಒಬ್ಬ ಅಭ್ಯರ್ಥಿ ಕಾಕಾನ ಅಂಗಡಿಗೆ ಬಂದು ಕೂತ. ನಿಮ್ಮ ಸಾಹೇಬರು ಕೊನೆ ಭಾಗದವರ ಪರ ಅಂತ ಕೇಳಿದ್ದೇನೆ, ಒಂದು ದಿನ ಪ್ರಚಾರಕ್ಕೆ ಕರೆಸಿ ಎಂದು ಗಂಟು ಬಿದ್ದ. ಕಾಕಾ ತನ್ನ ಎಂದಿನ "ನೋಡೂಣು" ಅಂದ. ಅವನು ಬಿಡಲಿಲ್ಲ. ಕೊನೆಗೆ ಕಾಕಾ, ಸಾಹೇಬರಿಗೆ ಕುತ್ತಿಗೆಯೇ ಇಲ್ಲ, ಹಾರ ಹಾಕಲು ಬರುವುದಿಲ್ಲ ಎಂದು ನಿಜ ಹೇಳಿದ. ಅಭ್ಯರ್ಥಿ ಸ್ವಲ್ಪ ಹೊತ್ತು ಯೋಚಿಸಿದ.

"ಅಡ್ಡಿಯಿಲ್ರಿ. ಶಾಲು ಹೊಚ್ಚೂಣು."

ಇಷ್ಟೆಲ್ಲದರ ನಡುವೆ ಕಾಕಿಯದು ಒಂದೇ ಪ್ರಶ್ನೆ ಉಳಿದಿತ್ತು. ಸಾಹೇಬರಿಗೆ ಹೆಂಡತಿ ಇಲ್ಲವೇ? ಸಾಹೇಬರು ಮಂತ್ರಿಯಾದಾಗಲೂ ಕೇಳಿದಳು, ಜೈಲಿಗೆ ಹೋದಾಗಲೂ ಕೇಳಿದಳು. ಬುತ್ತಿ ಒಯ್ಯುವವರು ಯಾರು, ಅಂಗಿ ಒಗೆಯುವವರು ಯಾರು? ಕಾಕಾ ಒಮ್ಮೆ ಅವರಿಗೆ ಪುರುಸೊತ್ತಿಲ್ಲ ಅಂದ, ಒಮ್ಮೆ ಆ ಗ್ರಹದಲ್ಲಿ ಮದುವೆಯ ಪದ್ಧತಿಯೇ ಇಲ್ಲ ಅಂದ. ಕಾಕಿ ಬಿಡುವವಳಲ್ಲ.

"ಹೋದ ತಿಂಗಳು ಅತ್ತಿ ಮನಿಗೆ ಹೋಗಿದ್ರು ಅಂದ್ರಿ. ಹೆಂಡ್ತಿ ಇಲ್ದ ಅತ್ತಿ ಎಲ್ಲಿಂದ ಬಂದ್ಲು?"

ಅದು ವಿರೋಧ ಪಕ್ಷದವರ ಅಪಪ್ರಚಾರ ಎಂದು ಕಾಕಾ ತಪ್ಪಿಸಿಕೊಂಡ. ನನಗೂ ಆಶ್ಚರ್ಯವೇ. ಬೇವಿನ ಗಿಡ ಹುಟ್ಟಿಸಿದವನು, ಬೇಡಿ ಹುಟ್ಟಿಸಿದವನು, ಹೆಂಡತಿಯನ್ನು ಹುಟ್ಟಿಸಲು ಯಾಕೆ ಇಷ್ಟು ಒದ್ದಾಡುತ್ತಾನೆ? ಕಥೆಗಾರ ಕಾಕಾ ಇದೊಂದರಲ್ಲಿ ಕಚ್ಚಾ ಎಂದುಕೊಂಡೆ.

ಸಾಹೇಬರು ಜೈಲಿನಿಂದ ಬಿಡುಗಡೆಯಾಗಿ ಇಡೀ ಗ್ರಹಕ್ಕೇ ಪ್ರಧಾನಿಯಾದರು. ಅವರು ಪ್ರಮಾಣವಚನ ತೆಗೆದುಕೊಳ್ಳುವ ಬುಧವಾರ ಯಪ್ಪಾ ಬರಲಿಲ್ಲ. ಶನಿವಾರವೂ ಹಾಸಿಗೆ ಖಾಲಿ ಇತ್ತು. ಕಾಕಾ ನರ್ಸಮ್ಮನ ಮುಖ ನೋಡಿದ, ಅವಳು ಕೆಳಗೆ ನೋಡಿದಳು. ಆ ದಿನ ಕಾಕಾ ಕಥೆ ಹೇಳಲಿಲ್ಲ. ನಾಲ್ಕು ತಾಸೂ ಯಂತ್ರದ ಸದ್ದೊಂದೇ ಕೇಳುತ್ತಿತ್ತು. ನನಗೆ ಅಲ್ಲಿ ಕೂರಲಾಗಲಿಲ್ಲ, ಬುತ್ತಿ ಇಟ್ಟು ಹೊರಗೆ ಬಂದು ಅತ್ತೆ.

ಮುಂದಿನ ಬುಧವಾರ ಬೆಳಿಗ್ಗೆ ಕಾಕಾನ ಫೋನು ಬಂತು. "ಬಾರವ್ವಾ" ಅಂದ, ಅಷ್ಟೇ. ಶಾಲೆಗೆ ರಜೆ ಹಾಕಿ ಸಿಕ್ಕ ಬಸ್ಸು ಹತ್ತಿದೆ. ಪೋತ್ನಾಳ ಮುಟ್ಟಿದಾಗ ಕಾಕಿ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕಾಲು ಬಾತಿದ್ದವು. ಚೀಲ ಬಾಗಿಲ ಹತ್ತಿರವೇ ಇತ್ತು, ಕಾಕಾ ಅದರ ಪಕ್ಕ ನೆಲದ ಮೇಲೆ ಕೂತಿದ್ದ. ಬೆಳಗಿನ ಬಸ್ಸು ಹೋಗಿಯಾಗಿತ್ತು. ಇನ್ನೊಂದಕ್ಕೆ ಹೋಗದಿದ್ದರೆ ಆ ದಿನದ ಯಂತ್ರ ತಪ್ಪುತ್ತಿತ್ತು.

ನಾನು ಬೈಯಲು ಬಾಯಿ ತೆರೆದೆ. ಕಾಕಾ ಕೈ ಅಡ್ಡ ಮಾಡಿದ. ತಾನೇ ಶುರು ಮಾಡಿದ. ಸಾಹೇಬರ ಸರಕಾರಕ್ಕೆ ಗಂಡಾಂತರ ಬಂದಿದೆ, ಸ್ವಂತ ಪಕ್ಷದವರೇ ತಿರುಗಿಬಿದ್ದಿದ್ದಾರೆ, ಇವತ್ತು ಅವಿಶ್ವಾಸ ಮಂಡನೆ ಎಂದ. ದನಿಯಲ್ಲಿ ಜೀವ ಇರಲಿಲ್ಲ. ಕಾಕಿ ಕಣ್ಣು ಮುಚ್ಚಿಕೊಂಡೇ, ಬಿದ್ದರೆ ಬೀಳಲಿ ಬಿಡಿ ಆ ಸರಕಾರ, ಯಪ್ಪಾನ ಹಾಸಿಗೆ ನೋಡಲು ನನ್ನಿಂದ ಆಗದು ಎಂದಳು. ಕಾಕಾ ಕಥೆಯನ್ನು ಅಲ್ಲಿಗೇ ಬಿಟ್ಟ. ಇಷ್ಟು ದಿನದಲ್ಲಿ ಸಾಹೇಬರು ಸೋತದ್ದನ್ನು ನಾನು ಕಂಡದ್ದು ಅದೇ ಮೊದಲು.

ಕೊನೆಗೆ ಕಾಕಿಯೇ ಕಣ್ಣು ತೆರೆದಳು.

"ಹೆಂಡ್ತಿ ಸುದ್ದಿ ಹೇಳ್ತೀರೇನು? ಹೇಳಿದ್ರ ಬರ್ತೀನಿ."

ಕಾಕಾ ಚೀಲದ ಹಿಡಿಕೆಯನ್ನು ಮಡಚುತ್ತಾ ಬಿಚ್ಚುತ್ತಾ ಕೂತ. ಹೊರಗೆ ಟ್ರ್ಯಾಕ್ಟರೊಂದು ಹೋಯಿತು. ಆಮೇಲೆ ನೆಲ ನೋಡಿಕೊಂಡೇ ಹೇಳಿದ.

"ಅದಾಳ."

"ಅದಾಳ? ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ?"

"ಹೇಳಿದ್ರ ಕತಿಯೊಳಗ ಬರ್ತಾಳ. ಕತಿಯೊಳಗ ಬಂದೋರಿಗೆ ಏನರ ಒಂದು ಆಗಬೇಕಾಗ್ತದ. ಅಕಿಗೆ ಏನೂ ಆಗಬಾರದಂತ ಹೊರಗ ಇಟ್ಟೀನಿ."

ನಾನು ಎದ್ದು ಅಡುಗೆ ಮನೆಗೆ ಹೋದೆ. ಅಲ್ಲಿ ನನಗೇನೂ ಕೆಲಸ ಇರಲಿಲ್ಲ. ತಿರುಗಿ ಬಂದಾಗ ಕಾಕಿ ಗೋಡೆ ಹಿಡಿದುಕೊಂಡು ನಿಂತಿದ್ದಳು. ಸೆರಗು ಸರಿ ಮಾಡಿಕೊಂಡು, ಚಪ್ಪಲಿ ಎಲ್ಲಿ ಎಂದು ಕೇಳಿದಳು. ಕಾಕಾ ತಾನೇ ಬಗ್ಗಿ ಬಾತ ಕಾಲಿಗೆ ಚಪ್ಪಲಿ ತೊಡಿಸಿದ.

ಬಸ್ಸಿನಲ್ಲಿ ಕಂಡಕ್ಟರು ಕಾಕಿಗೂ ನನಗೂ ಪುಕ್ಕಟೆ ಟಿಕೆಟ್ಟು ಹರಿದುಕೊಟ್ಟ, ಕಾಕಾನಿಗೆ ದುಡ್ಡಿನದು. ಇದು ನಿಮ್ಮ ಸಾಹೇಬರ ಕಾಯಿದೆಯೇನು ಎಂದು ಕಾಕಿ ಕೇಳಿದಳು. ನಗುವ ಹಾಗೆ ಕಂಡಳು. ಮಾನ್ವಿ ದಾಟಿದ ಮೇಲೆ ಭತ್ತದ ಗದ್ದೆಗಳ ಕಡೆ ನೋಡುತ್ತಾ, ಪಕ್ಕದಲ್ಲಿ ಕೂತ ಕಾಕಾನಿಗೆ ಮೆಲ್ಲಗೆ ಹೇಳಿದಳು. ಹಿಂದಿನ ಸೀಟಿನಲ್ಲಿದ್ದ ನನಗೆ ಕೇಳಿಸಿತು.

"ಹಂಗಾರ ಅಕಿಗೆ ಏನೂ ಆಗಂಗಿಲ್ಲ ಅಂತ ಮಾತು ಕೊಡ್ರಿ."

ಅವನು ನೋಡೂಣು ಅನ್ನುತ್ತಾನೆ ಎಂದು ಕಾದೆ. ಕಾಕಿಯೂ ಅದನ್ನೇ ಕಾದಿರಬೇಕು. ಡಾಕ್ಟರು ಹೇಳಿದ್ದು ಅವನಿಗೆ ಗೊತ್ತು, ಯಪ್ಪಾನ ಹಾಸಿಗೆ ಅವನೂ ನೋಡಿದ್ದಾನೆ, ಎಂಥ ಮಾತು ಕೇಳುತ್ತಿದ್ದಾಳೆ ಎಂಬುದೂ ತಿಳಿದಿತ್ತು.

"ಕೊಟ್ಟೆ" ಅಂದ ಕಾಕಾ.

ಕಾಕಿ ಅವನ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋದಳು. ರಾಯಚೂರು ಬರುವವರೆಗೂ ಕಾಕಾ ಅಲುಗಾಡಲಿಲ್ಲ, ಎರಡೂ ಕೈಯಿಂದ ತನ್ನ ಹೊಟ್ಟೆ ಹಿಡಿದುಕೊಂಡೇ ಕೂತಿದ್ದ.